ಅಪ್‌ಡೇಟ್: ಬಿ.ಎಡ್. ನಂತರ ಮೌಲ್ಯಮಾಪನದ ಕೆಲಸ

ಬಿ.ಎಡ್. ಮುಗಿಸಿದವರಿಗೆ ಶಿಕ್ಷಕ ಹುದ್ದೆಯ ಹೊರತಾಗಿ ಸಮುದಾಯ ಸಂಪರ್ಕ ಮತ್ತು ಕಲಿಕಾ ಮೌಲ್ಯಮಾಪನದಲ್ಲಿ ದಾರಿ ಇದೆಯೇ ಎಂದು ಕೇಳಿದ್ದೆ, ಎಂ.ಎ. ಯೋಚನೆ ಆಮೇಲಿರಲಿ, ಮೊದಲು ಹಳ್ಳಿಗಳಲ್ಲಿ ಕೆಲಸ ಮಾಡಿ ಎಂದು ಹೆಚ್ಚಿನವರು ತಿಳಿಸಿದ್ದಿರಿ. ಅದರಂತೆ ರಾಯಚೂರು ಜಿಲ್ಲೆಯ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಕ್ಷೇತ್ರ ಸಂಯೋಜಕಿಯಾಗಿ ಸೇರಿದ್ದೇನೆ. ಸಂಬಳ ಸಾಧಾರಣ, ಓಡಾಟ ವಿಪರೀತ.

ಗ್ರಾಮೀಣ ಮಕ್ಕಳ ಓದು, ಲೆಕ್ಕದ ಮಟ್ಟ ತಿಳಿಯಲು ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ 2005ರಲ್ಲಿ ಆರಂಭಿಸಿದ ಅಸರ್ ಸಮೀಕ್ಷೆಯ ಕ್ರಮದಲ್ಲೇ ನಾವೂ ಒಂದೊಂದು ಮಗುವನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಮೊದಲು ಒಂದನೇ ತರಗತಿ ಮಟ್ಟದ ಪರಿಚ್ಛೇದವನ್ನು ಓದಿಸುತ್ತೇವೆ. ಸರಾಗವಾಗಿ ಓದಿದರೆ ಎರಡನೇ ತರಗತಿ ಮಟ್ಟದ ಕಥೆಯನ್ನೂ, ತಡವರಿಸಿದರೆ ಬಿಡಿ ಪದಗಳನ್ನೂ, ಅದೂ ಆಗದಿದ್ದರೆ ಅಕ್ಷರಗಳನ್ನೂ ಕೊಡುತ್ತೇವೆ. ಐದನೇ ತರಗತಿಯ ಹುಡುಗನೊಬ್ಬ ಒತ್ತಕ್ಷರ ಬಂದಲ್ಲೆಲ್ಲ ನಿಂತು, ಬೆರಳಿನಿಂದ ಅದನ್ನು ಮುಚ್ಚಿಕೊಂಡು ಮುಂದಕ್ಕೆ ಓದುತ್ತಿದ್ದ. ಅಂಕಪಟ್ಟಿ ಇದನ್ನು ಹೇಳುವುದಿಲ್ಲ.

ನನ್ನ ಅನುಭವದಲ್ಲಿ ಅಳೆಯುವುದು ಸುಲಭ. ಆ ಫಲಿತಾಂಶವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ, ಶಿಕ್ಷಕರ ಮೇಲಿನ ದೂರಾಗದಂತೆ ಪೋಷಕರ ಮುಂದಿಡುವುದೇ ಕಷ್ಟ. ಪ್ರಶ್ನೆಪತ್ರಿಕೆಯ ನೀಲನಕ್ಷೆ (ಯಾವ ಪಾಠಕ್ಕೆ ಎಷ್ಟು ಅಂಕ ಎಂಬ ಯೋಜನೆ) ತಯಾರಿಸಲು ಬಿ.ಎಡ್.ನಲ್ಲಿ ಕಲಿತದ್ದು (ಆಗ ಬೇಸರದಿಂದ ಕಲಿತದ್ದು!) ಈಗ ಬಹಳ ನೆರವಾಗುತ್ತಿದೆ. ಆದರೆ ಮಾದರಿ ಆಯ್ಕೆ (ಯಾವ ಮಕ್ಕಳನ್ನು ಪರೀಕ್ಷಿಸಬೇಕೆಂದು ಆರಿಸುವುದು), ಸಂಖ್ಯಾಶಾಸ್ತ್ರ ಮತ್ತು ಎಕ್ಸೆಲ್‌ನಲ್ಲಿ ನನಗೆ ಗೊತ್ತಿರುವುದು ಸಾಲದು. ಇದೇ ಹಾದಿಗೆ ಬರುವವರು ಪದವಿ ಮುಗಿಯುವ ಮೊದಲೇ ಇವನ್ನು ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಎಂ.ಎ.ಗೆ ಮುಂದಿನ ವರ್ಷ ಅರ್ಜಿ ಹಾಕಲಿದ್ದೇನೆ.