ಸಾವಯವ ಗೊಬ್ಬರ ತಿಂದ ಕರಿಯ: ಪಶುವೈದ್ಯರ ಜೊತೆ ಪ್ರಶ್ನೋತ್ತರ

ಸಾಗರದ ಸದಸ್ಯೆ: ಡಾಕ್ಟ್ರೇ, ನಮಸ್ಕಾರ. ನಮ್ಮ ಕರಿಯ ಊರ ನಾಯಿ. 3 ವರ್ಷ, ಸುಮಾರು 18 ಕೆಜಿ. ಹೋದ ಭಾನುವಾರ ಅಡಿಕೆ ಸಸಿಗಳಿಗೆ ಗೊಬ್ಬರ ಹಾಕಿ, ಉಳಿದ ಅರ್ಧ ಚೀಲವನ್ನು ಕೊಟ್ಟಿಗೆ ಪಕ್ಕ ಇಟ್ಟಿದ್ದೆವು. ರಾತ್ರಿ ಇವನು ಚೀಲ ಹರಿದು ತಿಂದಿದ್ದಾನೆ. ಬೆಳಿಗ್ಗೆ ಆರಾಮಾಗೇ ಇದ್ದ. ಮಧ್ಯಾಹ್ನ ವಾಂತಿ ಶುರುವಾಯಿತು, ರಾತ್ರಿಗೆ ರಕ್ತಭೇದಿ. 3 ದಿನ ಡ್ರಿಪ್ ಹಾಕಿಸಿದ ಮೇಲೆ ಈಗ ಗಂಜಿ ಕುಡಿಯುತ್ತಿದ್ದಾನೆ. ಸಾವಯವ ಗೊಬ್ಬರದಲ್ಲಿ ಎಂಥ ವಿಷ, ಅದು ಪಾರ್ವೋ (ನಾಯಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ರೋಗ) ಇರಬೇಕು ಅಂತ ನಮ್ಮ ಮನೆಯವರ ವಾದ. ನಿಮ್ಮ ಅಭಿಪ್ರಾಯ ಏನು?

ಪಶುವೈದ್ಯರು: ಕರಿಯ ಗಂಜಿ ಕುಡಿದಿದ್ದು ಕೇಳಿ ಸಮಾಧಾನ ಆಯಿತು. ಎರಡು ವಿಷಯ ಹೇಳಿ. ಪಾರ್ವೋ ಲಸಿಕೆ ಆಗಿದೆಯಾ? ಚೀಲದ ಮೇಲೆ ಏನೇನು ಸೇರಿದೆ ಅಂತ ಬರೆದಿದ್ದಾರೆ?

ಸಾಗರದ ಸದಸ್ಯೆ: ಲಸಿಕೆ ವರ್ಷ ವರ್ಷ ಹಾಕಿಸುತ್ತೇವೆ. ಚೀಲದ ಮೇಲೆ ಹರಳು ಹಿಂಡಿ, ಬೇವಿನ ಹಿಂಡಿ, ಮೂಳೆ ಪುಡಿ ಅಂತ ಇದೆ.

ಪಶುವೈದ್ಯರು: ಹಾಗಾದರೆ ನನ್ನ ಅನುಮಾನ ಹರಳು ಹಿಂಡಿಯ ಮೇಲೆ. ಹರಳು ಬೀಜದಲ್ಲಿ ರೈಸಿನ್ ಅನ್ನುವ ವಿಷ ಇದೆ. ಜೀವಕೋಶಗಳು ಪ್ರೋಟೀನ್ ತಯಾರಿಸುವ ಕೆಲಸವನ್ನೇ ಅದು ನಿಲ್ಲಿಸಿಬಿಡುತ್ತದೆ. ಮೊದಲ ಪೆಟ್ಟು ಹೊಟ್ಟೆ, ಕರುಳಿಗೆ. ತಿಂದ ತಕ್ಷಣ ಏನೂ ಕಾಣಿಸುವುದಿಲ್ಲ. ಹೆಚ್ಚಾಗಿ 6ರಿಂದ 24 ಗಂಟೆ ಕಳೆದ ಮೇಲೆ ವಾಂತಿ, ಹೊಟ್ಟೆನೋವು, ರಕ್ತಭೇದಿ ಶುರು. ನೀವು ಹೇಳಿದ ಹೊತ್ತಿಗೆ ಇದು ಸರಿಯಾಗಿ ಕೂಡುತ್ತದೆ. ಬೆಳಿಗ್ಗೆ ಆರಾಮಾಗಿದ್ದ ಅಂದಿರಲ್ಲ, ಮೋಸ ಹೋಗುವುದೇ ಅಲ್ಲಿ. ಇದಕ್ಕೆ ಪ್ರತಿವಿಷ ಇಲ್ಲ. ಡ್ರಿಪ್ ಹಾಕಿ, ವಾಂತಿ ತಡೆದು, ಪ್ರಾಣಿಯನ್ನು ಉಳಿಸಿಕೊಳ್ಳುವುದೊಂದೇ ದಾರಿ. ನಿಮ್ಮ ಡಾಕ್ಟರು ಮಾಡಿದ್ದೂ ಅದನ್ನೇ.

ಇನ್ನು ಮೂಳೆ ಪುಡಿ. ನಾಯಿಗೆ ಅದು ಹಬ್ಬದೂಟದ ಪರಿಮಳ. ಬರೀ ಹಿಂಡಿ ಇದ್ದಿದ್ದರೆ ಕರಿಯ ಮೂಸಿ ಬಿಡುತ್ತಿದ್ದನೋ ಏನೋ. ಮೂಳೆ ಪುಡಿ ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಸಿಮೆಂಟಿನ ಹಾಗೆ ಗಟ್ಟಿಯಾಗುವುದೂ ಉಂಟು.

ಹೊಸನಗರದ ಸದಸ್ಯರು: ಅಲ್ಲ ಮಾರಾಯ್ರೆ, ಹರಳೆಣ್ಣೆ ಕೂಸಿನ ನೆತ್ತಿಗೆ ಹಚ್ಚುತ್ತೇವೆ, ಹೊಟ್ಟೆ ಶುದ್ಧಿಗೆ ಕುಡಿಯುತ್ತೇವೆ. ನಾನು 20 ವರ್ಷದಿಂದ ತೋಟಕ್ಕೆ ಹರಳು ಹಿಂಡಿ ಹಾಕುತ್ತಿದ್ದೇನೆ. ಒಂದು ನಾಯಿಗೂ ಏನೂ ಆಗಿಲ್ಲ.

ಪಶುವೈದ್ಯರು: ಒಳ್ಳೆ ಪ್ರಶ್ನೆ. ರೈಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಹಿಂಡಿದಾಗ ವಿಷ ಹಿಂಡಿಯಲ್ಲೇ ಉಳಿಯುತ್ತದೆ. ನಮ್ಮ ಅಜ್ಜಿಯಂದಿರು ಹರಳು ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಎಣ್ಣೆ ತೆಗೆಯುತ್ತಿದ್ದರಲ್ಲ, ಚೆನ್ನಾಗಿ ಕಾದರೆ ಈ ವಿಷ ಸಾಯುತ್ತದೆ. ಮಿಲ್ಲಿನ ಹಿಂಡಿ ಎಷ್ಟು ಕಾದಿದೆ ಅನ್ನುವುದು ಚೀಲ ನೋಡಿದರೆ ಗೊತ್ತಾಗುವುದಿಲ್ಲ. ಒಂದು ಲೋಡು ಹೇಗೋ ನಡೆಯುತ್ತದೆ, ಇನ್ನೊಂದು ಕೈ ಕೊಡುತ್ತದೆ. ನೀವೇ ನೋಡಿ, ಶೇಂಗಾ ಹಿಂಡಿಯನ್ನು ದನಕ್ಕೆ ಹಾಕುತ್ತೀರಿ. ಹರಳು ಹಿಂಡಿಯನ್ನು ಹಾಕುತ್ತೀರಾ? ಅದು ತೋಟಕ್ಕೇ ಹೋಗುತ್ತದೆ. ಹಿರಿಯರಿಗೆ ಗೊತ್ತಿತ್ತು, ನಾಯಿಗೆ ಮಾತ್ರ ಯಾರೂ ಹೇಳಲಿಲ್ಲ!

ಹಿಂಡಿ ಹಾಕಬೇಡಿ ಅನ್ನುತ್ತಿಲ್ಲ. ಬುಡದ ಮೇಲೆ ಹರಡಿ ಬಿಡುವ ಬದಲು ಮಣ್ಣಲ್ಲಿ ಬೆರೆಸಿ, ಮೇಲೆ ಸೊಪ್ಪು, ದರಕು ಮುಚ್ಚಿ. ಕೆದಕುವ ಚಟದ ನಾಯಿಯಾದರೆ ಒಂದೆರಡು ವಾರ ಕಟ್ಟಿಹಾಕುವುದೇ ಕ್ಷೇಮ. ಉಳಿದಿದ್ದನ್ನು ಮುಚ್ಚಳ ಇರುವ ಡ್ರಮ್ಮಿನಲ್ಲಿಡಿ. ಮನೆ ಅಂಗಳದ ಹೂಕುಂಡಕ್ಕೆ ಬೇವಿನ ಹಿಂಡಿ ಸಾಕು. ಅದು ಕಹಿ, ನಾಯಿ ಮುಟ್ಟುವುದು ಕಮ್ಮಿ.

ತೀರ್ಥಹಳ್ಳಿಯ ಸದಸ್ಯೆ: ನಮ್ಮಲ್ಲಿ ಮಳೆ ಹಿಡಿದ ಮೇಲೆ ಬಸವನಹುಳುವಿನ ಕಾಟ ವಿಪರೀತ. ಅಂಗಡಿಯವರು ಒಂದು ಗುಳಿಗೆ ಕೊಟ್ಟಿದ್ದಾರೆ. ಮನೆಯಲ್ಲಿ ಲ್ಯಾಬ್ರಡಾರ್ ಮರಿ ಇದೆ.

ಪಶುವೈದ್ಯರು: ಅಕ್ಕಾ, ಡಬ್ಬದ ಮೇಲೆ ಮೆಟಾಲ್ಡಿಹೈಡ್ ಅಂತ ಇದ್ದರೆ ಅದನ್ನು ಮರಿ ಓಡಾಡುವಲ್ಲಿ ದಯವಿಟ್ಟು ಹಾಕಬೇಡಿ. ಹುಳು ತಿನ್ನಲಿ ಅಂತ ತೌಡಿನಂಥ ಹಿಟ್ಟು ಸೇರಿಸಿ ಮಾಡಿರುತ್ತಾರೆ. ಹುಳುವಿಗೆ ರುಚಿಯಾದದ್ದು ನಾಯಿಗೂ ರುಚಿ. ಲ್ಯಾಬ್ರಡಾರ್ ಅಂತೂ ಕೇಳಲೇ ಬೇಡಿ. ಇದು ಹರಳು ಹಿಂಡಿಯ ಹಾಗೆ ಕಾಯುವುದಿಲ್ಲ. ಅರ್ಧ ಗಂಟೆಯಲ್ಲೂ ಶುರುವಾಗಬಹುದು. ಜೊಲ್ಲು, ತೂರಾಟ, ಮೈ ನಡುಕ, ಆಮೇಲೆ ಸೆಳೆತ, ಮೈ ಕೆಂಡದ ಹಾಗೆ ಸುಡುತ್ತದೆ. ನಾಳೆ ನೋಡೋಣ ಅನ್ನುವ ಮಾತೇ ಇಲ್ಲ, ಆ ಕ್ಷಣವೇ ಹೊರಡಬೇಕು.

ಬದಲಿಗೆ ಸಂಜೆ ಹೊತ್ತು ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಪಪ್ಪಾಯಿ ಎಲೆ ಇಡಿ. ಹುಳುಗಳು ಬಂದು ಸೇರುತ್ತವೆ. ಬೆಳಿಗ್ಗೆ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬಕೆಟ್ಟಿಗೆ ಮುಚ್ಚಳ ಇರಲಿ, ಮರಿ ಅದನ್ನೂ ಕುಡಿದೀತು.

ಕೊಪ್ಪದ ಸದಸ್ಯರು: ಮೈಲುತುತ್ತು? ಔಷಧಿ ಹೊಡೆದ ದಿನ ನಾಯಿ ತೋಟದಲ್ಲೇ ಇರುತ್ತದೆ.

ಪಶುವೈದ್ಯರು: ಎಲೆ, ಗೊನೆ ಮೇಲೆ ಒಣಗಿದ ಬೋರ್ಡೋಗೆ, ಅಂದರೆ ಮೈಲುತುತ್ತು, ಸುಣ್ಣ ಬೆರೆಸಿದ ದ್ರಾವಣಕ್ಕೆ, ನಾನು ಅಷ್ಟು ಹೆದರುವುದಿಲ್ಲ. 100 ಲೀಟರ್ ನೀರಿಗೆ 1 ಕೆಜಿ ತುತ್ತು, 1 ಕೆಜಿ ಸುಣ್ಣ, ಅಷ್ಟು ತೆಳು. ಭಯ ಇರುವುದು ಚೆಲ್ಲಿದ ತುತ್ತಿನ ಹರಳು, ತುತ್ತು ಕರಗಿಸಿಟ್ಟ ಬಕೆಟ್ಟು, ಸುಡುವ ಸುಣ್ಣದ ಬಗ್ಗೆ. ಮನೆಯಲ್ಲಿ ಕುರಿ ಇದ್ದರೆ ಇನ್ನೂ ಹುಷಾರು, ತುತ್ತಿನಲ್ಲಿರುವ ತಾಮ್ರವನ್ನು ಅದು ತಡೆಯುವುದೇ ಇಲ್ಲ.

ಹಾಗೇ ಒಂದು ಮಾತು. ಬೇರುಹುಳುವಿಗೆ ತಂದಿಟ್ಟ ಥಿಮೆಟ್ ಅನ್ನುವ ಕೀಟನಾಶಕದ ಕಾಳು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಇವತ್ತೇ ಬೀಗದೊಳಗಿಡಿ. ಅದರಲ್ಲಿರುವ ಫೋರೇಟ್ 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧ. ಚಿಟಿಕೆಯಷ್ಟು ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಅಪಾಯ.

ಶಿವಮೊಗ್ಗದ ಸದಸ್ಯೆ: ನಮ್ಮದು ಬೆಕ್ಕು. ತಾರಸಿಯಲ್ಲಿ ಲಿಲ್ಲಿ ಕುಂಡ ಇದೆ. ಚೌತಿಗೆ ತವರಿಂದ ಗೌರಿ ಹೂವೂ ಬರುತ್ತದೆ.

ಪಶುವೈದ್ಯರು: ದೊಡ್ಡ ಹೂವಿನ ನಿಜವಾದ ಲಿಲ್ಲಿ ಆದರೆ ಇವತ್ತೇ ಯಾರಿಗಾದರೂ ಕೊಟ್ಟುಬಿಡಿ, ಬೆಕ್ಕಿಲ್ಲದ ಮನೆಗೆ. ಮೈಮೇಲೆ ಬಿದ್ದ ಪರಾಗ ನೆಕ್ಕಿದರೂ ಬೆಕ್ಕಿನ ಕಿಡ್ನಿ ಎರಡು ಮೂರು ದಿನದಲ್ಲಿ ಕೈಕೊಡುತ್ತದೆ. ಗೌರಿ ಹೂವಿನದು ಬೇರೆ ವಿಷ, ಕಾಲ್ಚಿಸಿನ್. ಗಿಡವಿಡೀ ವಿಷವೇ, ಗೆಡ್ಡೆಯಲ್ಲಿ ಇನ್ನೂ ಜಾಸ್ತಿ. ಪೂಜೆಗೆ ಎತ್ತರದಲ್ಲಿ ಕಟ್ಟಿ, ಬಾಡಿದ್ದನ್ನು ಬೆಕ್ಕು, ನಾಯಿ, ದನ ಯಾವುದಕ್ಕೂ ಸಿಗದ ಹಾಗೆ ಹೂತುಬಿಡಿ.

ಹೊಸನಗರದ ಸದಸ್ಯರು: ಏನಾದರೂ ತಿಂದಿದೆ ಅಂತ ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದಲ್ಲ?

ಪಶುವೈದ್ಯರು: ಬೇಡ. ಜಾಸ್ತಿ ಉಪ್ಪೇ ನಾಯಿಗೆ ವಿಷ. ನಡುಗುತ್ತಿರುವ ಪ್ರಾಣಿಯ ಬಾಯಿಗೆ ಹಾಲು, ಎಣ್ಣೆ, ಮೊಟ್ಟೆ ಏನು ಸುರಿದರೂ ಶ್ವಾಸಕೋಶಕ್ಕೆ ಹೋಗುತ್ತದೆ. ಇಲಿ ಪಾಷಾಣ ತಿಂದಿದ್ದರೆ ಊಟ ಹಾಕಲೇಬೇಡಿ. ಊಟಕ್ಕೆ ಹೊಟ್ಟೆಯಲ್ಲಿ ಆಮ್ಲ ಏರಿ ವಿಷದ ಅನಿಲ ಜಾಸ್ತಿಯಾಗುತ್ತದೆ. ಮೈಗೆ ಔಷಧಿ ತಾಗಿದ್ದರೆ ಕೈಗವಸು ಹಾಕಿಕೊಂಡು ಸೋಪಿನಲ್ಲಿ ತೊಳೆಯಿರಿ. ಮೊದಲು ಹತ್ತಿರದ ಡಾಕ್ಟರಿಗೆ ಫೋನ್ ಮಾಡಿ, ಆಮೇಲೆ ಗಾಡಿ ಹತ್ತಿ. ಚೀಲವನ್ನೋ ಡಬ್ಬವನ್ನೋ ಜೊತೆಗೆ ತನ್ನಿ. ‘ಬಿಳಿ ಪುಡಿ ತಿಂದಿದೆ’ ಅಂದರೆ ನಾನೂ ಕಣ್ಣು ಕಣ್ಣು ಬಿಡುತ್ತೇನೆ.

ಸಾಗರದ ಸದಸ್ಯೆ: ಕರಿಯನಿಗೆ ಇನ್ನೇನಾದರೂ ಮಾಡಿಸಬೇಕಾ?

ಪಶುವೈದ್ಯರು: ಮುಂದಿನ ವಾರ ಒಮ್ಮೆ ಲಿವರ್, ಕಿಡ್ನಿಗೆ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಮೆತ್ತನೆ ಅನ್ನ, ಮೊಸರು, ಸ್ವಲ್ಪ ಸ್ವಲ್ಪ. ಮತ್ತೆ ವಾಂತಿ ಆದರೆ ವಾರ ಕಾಯಬೇಡಿ. ಆ ಅರ್ಧ ಚೀಲ ಈಗ ಎಲ್ಲಿದೆ?

ಸಾಗರದ ಸದಸ್ಯೆ: ಕೊಟ್ಟಿಗೆ ಪಕ್ಕದಲ್ಲೇ. ಎದ್ದೆ, ಎತ್ತಿಡುತ್ತೇನೆ.