ಪದಚರ್ಚೆ: ಹಾರ್ಡ್ ಡಿಸ್ಕ್ ‘ಮೌಂಟ್’ ಮಾಡುವುದಕ್ಕೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯಾದ ಲಿನಕ್ಸ್‌ಗೆ ಹೊಸಬರಾದವರಿಗಾಗಿ, ಕಂಪ್ಯೂಟರಿಗೆ ಎರಡನೇ ಹಾರ್ಡ್ ಡಿಸ್ಕ್ ಹಾಕಿ ಬಳಸುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಮೌಂಟ್’ ಎಂಬ ಒಂದು ಪದದ ಮುಂದೆ ಬರವಣಿಗೆ ನಿಂತಿದೆ. ಬಳಗದವರ ಅಭಿಪ್ರಾಯ ಬೇಕು.

ಹೊಸಬರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಡಿಸ್ಕ್ ಹಾಕಿ, ಕೇಬಲ್ ಸಿಕ್ಕಿಸಿ, ಯಂತ್ರ ಶುರು ಮಾಡುತ್ತಾರೆ. ಫೈಲುಗಳು ಎಲ್ಲೂ ಕಾಣುವುದಿಲ್ಲ. ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ, ಡಿಸ್ಕುಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಬಿಎಲ್‌ಕೆ’ (lsblk) ಕಮಾಂಡ್ ಕೊಟ್ಟರೆ ಎಸ್‌ಡಿಬಿ ಎಂಬ ಹೆಸರಿನಲ್ಲಿ ಡಿಸ್ಕ್ ಇದೆ. 1 ಟಿಬಿಯದಾದರೆ ಎದುರಿಗೆ 931.5ಜಿ ಎಂದು ಅಳತೆಯೂ ಇದೆ. ಆದರೆ ಕೊನೆಯ ಮೌಂಟ್‌ಪಾಯಿಂಟ್ ಕಾಲಂ ಖಾಲಿ. ವಿಂಡೋಸ್‌ನಲ್ಲಾದರೆ ಡಿ, ಇ ಎಂದು ಹೊಸ ಡ್ರೈವ್ ಕಾಣಿಸಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಎಲ್ಲ ಫೋಲ್ಡರುಗಳೂ ಒಂದೇ ಬುಡದಿಂದ ಕವಲೊಡೆಯುತ್ತವೆ. ಹೊಸ ಡಿಸ್ಕಿನ ಸರಕು ಯಾವ ಫೋಲ್ಡರಿನಲ್ಲಿ ಕಾಣಬೇಕೆಂದು ನಾವು ಹೇಳಬೇಕು. ಆ ಹೇಳುವಿಕೆಯೇ ಮೌಂಟ್.

ಆದ್ದರಿಂದ ‘ಜೋಡಿಸು’ ನನಗೆ ಒಪ್ಪಿಗೆಯಿಲ್ಲ. ‘ಡಿಸ್ಕ್ ಜೋಡಿಸಿ’ ಎಂದು ಬರೆದರೆ ಓದುಗರು ಮತ್ತೆ ಕ್ಯಾಬಿನೆಟ್ ಬಿಚ್ಚಿ ಕೇಬಲ್ ನೋಡುತ್ತಾರೆ. ‘ಕೂರಿಸು’ ಕಿವಿಗೆ ಹಿತವಾಗಿದೆ, ಆದರೆ ಅದೂ ಡಿಸ್ಕನ್ನು ಒಳಗಿಟ್ಟು ಸ್ಕ್ರೂ ಬಿಗಿಯುವ ಕೆಲಸದ ಮಾತೇ. ಕೈಯ ಕೆಲಸವೂ ಕಮಾಂಡಿನ ಕೆಲಸವೂ ಬೇರೆ ಬೇರೆ ಎಂಬುದನ್ನೇ ಕಲಿಸಬೇಕಾದ ಕಡೆ ಎರಡಕ್ಕೂ ಒಂದೇ ಪದ ಇಡುವುದು ಹೇಗೆ? ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ 1971ರ ಮೊದಲ ಕೈಪಿಡಿಯಲ್ಲೂ ಈ ಭೇದ ಇದೆ. ಡಿಸ್ಕನ್ನು ಡ್ರೈವಿಗೆ ಏರಿಸುವುದು ಮನುಷ್ಯರ ಕೆಲಸ. ಏರಿಸಿದ್ದೇವೆ ಎಂದು ವ್ಯವಸ್ಥೆಗೆ ಸಾರುವುದಷ್ಟೇ ಮೌಂಟ್ ಕಮಾಂಡಿನ ಕೆಲಸ.

ಕನ್ನಡಕ್ಕೆ ಬಂದ ಡೆಸ್ಕ್‌ಟಾಪ್ ಮೆನುಗಳಲ್ಲಿ ‘ಆರೋಹಿಸು’ ಎಂದಿರುವುದನ್ನು ನೋಡಿದ್ದೀರಿ. ಅನುವಾದಕರ ಶ್ರಮಕ್ಕೆ ನನಗೆ ಗೌರವವಿದೆ, ಆದರೂ ತಕರಾರು ವ್ಯಾಕರಣದ್ದು. ‘ಪರ್ವತವನ್ನು ಆರೋಹಿಸಿದರು’ ಎಂದರೆ ಪರ್ವತದ ಮೇಲೆ ಹತ್ತಿದರು ಎಂದರ್ಥ. ಹಾಗೆ ನೋಡಿದರೆ ‘ಡಿಸ್ಕನ್ನು ಆರೋಹಿಸು’ ಎಂದಾಗ ಡಿಸ್ಕಿನ ಮೇಲೆ ಹತ್ತು ಎಂದಾಗುತ್ತದೆ. ‘ಧ್ವಜಾರೋಹಣ ಇದೆಯಲ್ಲ’ ಎನ್ನಬಹುದು. ಆದರೆ ‘ಧ್ವಜವನ್ನು ಆರೋಹಿಸಿದರು’ ಎಂದು ಯಾರೂ ಅನ್ನುವುದಿಲ್ಲ, ಬಾವುಟ ಹಾರಿಸಿದರು, ಏರಿಸಿದರು ಅನ್ನುತ್ತೇವೆ. ಹಾಗಾದರೆ ‘ಏರಿಸು–ಇಳಿಸು’ ಇಟ್ಟುಕೊಳ್ಳೋಣವೆಂದರೆ, ಅಪ್‌ಲೋಡ್, ಡೌನ್‌ಲೋಡ್‌ಗಳಿಗೆ ಆ ಜೋಡಿ ಆಗಲೇ ಬಳಕೆಯಲ್ಲಿದೆ.

ನನ್ನ ಒಲವು ‘ಮೌಂಟ್ ಮಾಡು’ ಕಡೆಗೆ. ಓದುಗರು ಟೈಪ್ ಮಾಡುವ ಕಮಾಂಡೂ ಅದೇ, ತಪ್ಪಾದಾಗ ತೆರೆಯ ಮೇಲೆ ಕಾಣುವ ಪದವೂ ಅದೇ. ಇನ್ನೊಂದು ಅನುಕೂಲ ಕನ್ನಡದ್ದೇ: ಮಾಡು, ಆಗು ಎಂಬ ಜೋಡಿ. ನಾವು ಕಮಾಂಡ್ ಕೊಟ್ಟರೆ ‘ಮೌಂಟ್ ಮಾಡಿದೆವು’. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಪಟ್ಟಿ ಮಾಡುವ ಎಫ್‌ಎಸ್‌ಟ್ಯಾಬ್ (fstab) ಫೈಲಿನಲ್ಲಿ ಸಾಲು ಬರೆದಿಟ್ಟರೆ ಪ್ರತಿ ಸಲ ಯಂತ್ರ ಶುರುವಾದಾಗ ತಾನಾಗಿ ‘ಮೌಂಟ್ ಆಗುತ್ತದೆ’. ಆ ಸಾಲಿನಲ್ಲಿ ಎಸ್‌ಡಿಬಿ1 (ಎಸ್‌ಡಿಬಿ ಡಿಸ್ಕಿನ ಮೊದಲ ಭಾಗ) ಎಂದು ಬರೆಯದೆ, ಆ ಭಾಗದ ಬದಲಾಗದ ಗುರುತಿನ ಸಂಖ್ಯೆಯಾದ ಯುಯುಐಡಿ (UUID) ಬರೆಯಿರಿ ಎಂದು ಒತ್ತಿ ಹೇಳಲಿದ್ದೇನೆ, ಏಕೆಂದರೆ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಒಮ್ಮೊಮ್ಮೆ ಅದಲುಬದಲಾಗುತ್ತವೆ. ಜೊತೆಗೆ, ಡಿಸ್ಕ್ ಸಿಗದಿದ್ದರೂ ಮುಂದುವರಿ ಎನ್ನುವ ‘ನೋಫೇಲ್’ (nofail) ಆಯ್ಕೆಯೂ ಇರಲಿ. ಇಲ್ಲದಿದ್ದರೆ ಡಿಸ್ಕ್ ಕಿತ್ತಿಟ್ಟ ದಿನ, ಸಿಸ್ಟಮ್‌ಡಿ (ಲಿನಕ್ಸ್ ಶುರುವಾಗುವುದನ್ನು ನೋಡಿಕೊಳ್ಳುವ ತಂತ್ರಾಂಶ) ಇರುವ ಯಂತ್ರ ಸಾಮಾನ್ಯವಾಗಿ 90 ಸೆಕೆಂಡು ಕಾದು, ದುರಸ್ತಿಗಷ್ಟೇ ಇರುವ ಎಮರ್ಜೆನ್ಸಿ ಮೋಡಿಗೆ ಹೋಗಿ ನಿಲ್ಲುತ್ತದೆ.

ನಿಜವಾದ ತೊಡಕು ‘ಮೌಂಟ್ ಪಾಯಿಂಟ್’ದು. ‘ಮೌಂಟ್ ಬಿಂದು’ ಎಂದರೆ ಓದುಗರಿಗೆ ಏನೂ ಹೊಳೆಯದು. ಅದು ಒಂದು ಫೋಲ್ಡರ್. ಮೊದಲೇ ಇರಬೇಕು, ಇಲ್ಲದಿದ್ದರೆ ‘ಮೌಂಟ್ ಪಾಯಿಂಟ್ ಇಲ್ಲ’ ಎಂಬ ದೋಷ ಬರುತ್ತದೆ. ಅದರಲ್ಲಿ ಹಳೆಯ ಫೈಲುಗಳಿದ್ದರೆ, ಮೌಂಟ್ ಆದಮೇಲೆ ಅವು ಕಾಣುವುದಿಲ್ಲ. ಎಷ್ಟೋ ಜನ ಇಲ್ಲಿ ಗಾಬರಿಯಾಗುತ್ತಾರೆ. ಫೈಲುಗಳು ಅಳಿಸಿಹೋಗಿಲ್ಲ, ಮರೆಯಾಗಿವೆ ಅಷ್ಟೆ. ಅನ್‌ಮೌಂಟ್ ಮಾಡಿದರೆ ಹಾಗೆಯೇ ಇರುತ್ತವೆ. ಈ ಅರ್ಥವನ್ನು ಹೊರಬಲ್ಲ ಹೆಸರು ಬೇಕು. ‘ಮೌಂಟ್ ನೆಲೆ’ ಎಂದು ಬರೆದು ನೋಡಿದೆ. ‘ಮೌಂಟ್ ಫೋಲ್ಡರ್’ ಇನ್ನೂ ನೇರ ಅನ್ನಿಸುತ್ತದೆ. ‘ತಾಣ’ ಬೇಡ, ಅದು ಜಾಲತಾಣದ ಜೊತೆ ಬೆರೆತುಹೋಗಿದೆ.

ಅನ್‌ಮೌಂಟ್ ಮಾಡುವಾಗ ಬರುವ ‘ಟಾರ್ಗೆಟ್ ಈಸ್ ಬಿಸಿ’ ಎಂಬುದನ್ನು ‘ಗುರಿಯು ಕಾರ್ಯನಿರತವಾಗಿದೆ’ ಎಂದು ಬರೆದರೆ ಡಿಸ್ಕ್ ಏನೋ ಕೆಲಸ ಮಾಡುತ್ತಿದೆ, ಕಾಯೋಣ ಎಂದುಕೊಳ್ಳುತ್ತಾರೆ. ಎಷ್ಟು ಕಾದರೂ ಪ್ರಯೋಜನವಿಲ್ಲದಿರಬಹುದು. ಟರ್ಮಿನಲ್ ಆ ಫೋಲ್ಡರಿನ ಒಳಗೇ ನಿಂತಿದ್ದರೂ ಈ ಸಂದೇಶ ಬರುತ್ತದೆ. ಹೊರಗೆ ಬಂದರೆ ಸಾಕು. ‘ಬಳಕೆಯಲ್ಲಿದೆ’ ಎಂದು ಬರೆಯುವುದು ಸರಿಯೆಂದು ನನ್ನೆಣಿಕೆ.

ತಿಳಿದವರು ಹೇಳಬೇಕಾದದ್ದು ಇಷ್ಟು: ‘ನೆಲೆ’, ‘ಫೋಲ್ಡರ್’ ಎರಡರಲ್ಲಿ ಯಾವುದು ಮೇಲು? ಅನ್‌ಮೌಂಟ್‌ಗೆ ‘ಮೌಂಟ್ ತೆಗೆ’ ಎಂದರೆ ನಡೆದೀತೇ, ಅಥವಾ ‘ಬಿಡಿಸು’ ಒಳ್ಳೆಯದೇ? ಧಾರವಾಡ, ಮಂಗಳೂರು ಕಡೆಯ ಕಂಪ್ಯೂಟರ್ ರಿಪೇರಿಯವರ ಬಾಯಲ್ಲಿ ಬೇರೆ ಮಾತುಗಳಿದ್ದರೆ ಅವನ್ನೂ ದಯವಿಟ್ಟು ತಿಳಿಸಿ.