ಐಎನ್‌ಎಸ್ ಮೈಸೂರು: ಒಂದೇ ಹಡಗೇ, ಒಂದೇ ಹೆಸರಿನ ಎರಡು ಹಡಗುಗಳೇ?

ಪ್ರಶ್ನೆ – ಶಿರಾದ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ನೌಕಾಪಡೆಯಲ್ಲಿದ್ದವರು, ಈಗಿಲ್ಲ. ಹೋದ ತಿಂಗಳು ಹಳೆಯ ಮನೆಯ ಅಟ್ಟವನ್ನು ಚೊಕ್ಕಟ ಮಾಡುವಾಗ ಅವರ ಟ್ರಂಕು ಸಿಕ್ಕಿತು. ಅದರೊಳಗೆ ಒಂದು ಕಪ್ಪು ಬಿಳುಪು ಫೋಟೊ ಮತ್ತು ಅಂಗೈಗಿಂತ ಸ್ವಲ್ಪ ದೊಡ್ಡದಾದ ಮರದ ಫಲಕವಿದ್ದವು. ಫೋಟೊದಲ್ಲಿ ದೊಡ್ಡಪ್ಪ ಇನ್ನೊಬ್ಬರ ಜೊತೆ ಒಂದು ದೊಡ್ಡ ಫಿರಂಗಿಯ ಮುಂದೆ ನಿಂತಿದ್ದಾರೆ, ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಮೈಸೂರು, 1971’ ಎಂದು ಬರೆದಿದೆ. ಫಲಕದ ಮೇಲೆ ಗಂಡಭೇರುಂಡವಿದೆ, ಕೆಳಗೆ ದೇವನಾಗರಿಯಲ್ಲಿ ಒಂದು ಸಾಲಿದೆ. ಅಕ್ಷರಗಳು ಸವೆದಿರುವುದರಿಂದ ಅದನ್ನು ಪೂರ್ತಿ ಓದಲಾಗಲಿಲ್ಲ.

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಅವರ ಬಗ್ಗೆ ಒಂದು ಪುಟ ಬರೆಯಬೇಕೆಂದಿದ್ದೇನೆ. ಆದರೆ ಮನೆಯಲ್ಲೇ ಎರಡು ಮಾತುಗಳಿವೆ. ಆ ಹಡಗು ಈಗಲೂ ಸೇವೆಯಲ್ಲಿದೆ, ತಾನು ಟಿವಿಯಲ್ಲಿ ನೋಡಿದ್ದೇನೆ ಎಂದು ನನ್ನ ತಮ್ಮ ಹೇಳುತ್ತಾನೆ. ಕರಾಚಿಯ ಮೇಲೆ ಕ್ಷಿಪಣಿ ಹಾರಿಸಿದ್ದು ಇದೇ ಹಡಗು ಎಂದು ಚಿಕ್ಕಪ್ಪ ಹೇಳುತ್ತಾರೆ. ಮಕ್ಕಳು ಓದುವ ಪುಟದಲ್ಲಿ ತಪ್ಪು ಅಚ್ಚಾಗಬಾರದು ಎಂಬ ಕಾಳಜಿಯಿಂದ ಕೇಳುತ್ತಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 – ನೌಕಾ ಇತಿಹಾಸದ ಆಸಕ್ತ, ತುಮಕೂರು

ಮೇಷ್ಟ್ರೇ, ಹಡಗುಗಳು ಎರಡು, ಹೆಸರು ಒಂದು. 1971ರಲ್ಲಿ ನಿಮ್ಮ ದೊಡ್ಡಪ್ಪನವರು ಇದ್ದದ್ದು ಕ್ರೂಸರ್ (ದೊಡ್ಡ ಫಿರಂಗಿಗಳ ಯುದ್ಧನೌಕೆ) ಮೈಸೂರಿನಲ್ಲಿ. ನಿಮ್ಮ ತಮ್ಮ ನೋಡಿರುವುದು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿ 1999ರ ಜೂನ್ 2ರಂದು ನೌಕಾಪಡೆಗೆ ಸೇರಿಸಿದ ಡೆಸ್ಟ್ರಾಯರ್ (ಕ್ಷಿಪಣಿಗಳುಳ್ಳ ಯುದ್ಧನೌಕೆ) ಮೈಸೂರನ್ನು. 2008ರ ಡಿಸೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ 23 ಮಂದಿ ಕಡಲ್ಗಳ್ಳರನ್ನು ಹಿಡಿದದ್ದು ಈ ಎರಡನೆಯ ಹಡಗು.

ಮೊದಲ ಮೈಸೂರಿಗೆ ಇನ್ನೊಂದು ಪೂರ್ವಾಶ್ರಮವೂ ಇದೆ. ಅದು ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ ತಯಾರಾಗಿ 1940ರಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಸೇರಿದಾಗ ಅದರ ಹೆಸರು ‘ನೈಜೀರಿಯಾ’. ಬ್ರಿಟನ್ ತನ್ನ ವಸಾಹತುಗಳ ಹೆಸರುಗಳನ್ನೇ ಆ ವರ್ಗದ ಹಡಗುಗಳಿಗೆ ಇಟ್ಟಿತ್ತು: ಫಿಜಿ, ಕೀನ್ಯಾ, ಜಮೈಕಾ, ಮಾರಿಷಸ್ ಹೀಗೆ. 1941ರ ಜೂನಿನಲ್ಲಿ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಜರ್ಮನಿಯ ‘ಲಾವೆನ್‌ಬರ್ಗ್’ ಎಂಬ ಹವಾಮಾನ ವೀಕ್ಷಣೆಯ ಹಡಗನ್ನು ಹಿಡಿದು, ಜರ್ಮನರ ಎನಿಗ್ಮಾ ಎಂಬ ಗೂಢಲಿಪಿ ಯಂತ್ರದ ಕಾಗದಪತ್ರಗಳನ್ನು ವಶಪಡಿಸಿಕೊಂಡ ತುಕಡಿಯಲ್ಲಿ ಅದೂ ಇತ್ತು. ಮರುವರ್ಷ ಆಗಸ್ಟ್ 12ರಂದು ಮುತ್ತಿಗೆಗೆ ಸಿಕ್ಕಿದ್ದ ಮಾಲ್ಟಾ ದ್ವೀಪಕ್ಕೆ ಸಾಮಾನು ಸಾಗಿಸುತ್ತಿದ್ದ ಹಡಗುಗಳಿಗೆ ಬೆಂಗಾವಲಾಗಿ ಹೋಗುತ್ತಿದ್ದಾಗ ಇಟಲಿಯ ಜಲಾಂತರ್ಗಾಮಿ ‘ಅಕ್ಸುಮ್’ ಹೊಡೆದ ಟಾರ್ಪಿಡೊ ಅದಕ್ಕೆ ತಗುಲಿತು. 52 ಮಂದಿ ಸತ್ತರು, ಆದರೂ ಹಡಗು ಮುಳುಗದೆ ಜಿಬ್ರಾಲ್ಟರ್ ಮುಟ್ಟಿತು. ಭಾರತ ಅದನ್ನು ಕೊಂಡದ್ದು 1954ರಲ್ಲಿ. ಬರ್ಕನ್‌ಹೆಡ್‌ನಲ್ಲಿ ದುರಸ್ತಿ ಮುಗಿಸಿಕೊಂಡು 1957ರ ಆಗಸ್ಟ್ 29ರಂದು ಅದು ‘ಮೈಸೂರು’ ಆಯಿತು, 1985ರ ಆಗಸ್ಟಿನಲ್ಲಿ ನಿವೃತ್ತಿಯಾಯಿತು.

ನಿಮ್ಮ ಫೋಟೊ ಯಾವ ಹಡಗಿನದೆಂದು ಖಚಿತ ಮಾಡಿಕೊಳ್ಳಲು ಇಸವಿಯೊಂದನ್ನೇ ನಂಬಬೇಕಾಗಿಲ್ಲ, ಫಿರಂಗಿಯ ನಳಿಗೆಗಳನ್ನು ಎಣಿಸಿ. ಕ್ರೂಸರಿನಲ್ಲಿ ಆರು ಇಂಚಿನ ಫಿರಂಗಿಗಳು ಒಂದೊಂದು ತಿರುಗುವ ಗೋಪುರಕ್ಕೆ (ಟರೆಟ್) ಮೂರರಂತೆ ಸಾಲಾಗಿದ್ದವು. ಮೂರು ಗೋಪುರಗಳು, ಒಟ್ಟು ಒಂಬತ್ತು ನಳಿಗೆಗಳು. ಡೆಸ್ಟ್ರಾಯರಿನ ಮುಂಭಾಗದಲ್ಲಿರುವುದು ಒಂಟಿ ನಳಿಗೆ, ಏಕೆಂದರೆ ಅದರ ಮುಖ್ಯ ಬಲ ಕ್ಷಿಪಣಿಗಳು. ಉದ್ದದಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ (ಹಳೆಯದು ಸುಮಾರು 169 ಮೀಟರ್, ಹೊಸದು 163).

ಫಲಕದ ಸಾಲು ‘ನ ಬಿಭೇತಿ ಕದಾಚನ’ ಎಂದಿರಬೇಕು. ತೈತ್ತಿರೀಯ ಉಪನಿಷತ್ತಿನ ಮಾತು ಅದು: ಬ್ರಹ್ಮದ ಆನಂದವನ್ನು ಅರಿತವನು ಎಂದಿಗೂ ಅಂಜುವುದಿಲ್ಲ. ಗಂಡಭೇರುಂಡ ಮೈಸೂರು ಅರಸರ ಲಾಂಛನ, ಇಂದು ನಮ್ಮ ರಾಜ್ಯ ಸರ್ಕಾರದ ಮುದ್ರೆಯಲ್ಲೂ ಅದೇ ಇದೆ.

ಇನ್ನೊಂದು ಮಾತನ್ನು ನಿಮ್ಮ ಪುಟದಲ್ಲಿ ಸೇರಿಸಬೇಕೆಂದು ನನ್ನ ಆಸೆ. 1957ರಲ್ಲಿ ಮೈಸೂರು ಎಂದರೆ ಒಂದು ಊರಿನ ಹೆಸರು ಮಾತ್ರವಾಗಿರಲಿಲ್ಲ, ನಮ್ಮ ಇಡೀ ರಾಜ್ಯದ ಹೆಸರಾಗಿತ್ತು. ಶಿರಾದಿಂದ ಹೋದ ಹುಡುಗ ತನ್ನದೇ ರಾಜ್ಯದ ಹೆಸರು ಹೊತ್ತ ಹಡಗಿನಲ್ಲಿ ದುಡಿದನು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು, ಹಡಗಿನ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಉತ್ತರ 2 – ತಿಪಟೂರಿನ ಓದುಗ

ಕರಾಚಿಯ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ನಿಮ್ಮ ಚಿಕ್ಕಪ್ಪನವರ ಮಾತು ತಪ್ಪು, ಆದರೆ ಪೂರ್ತಿ ಆಧಾರವಿಲ್ಲದ್ದಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಹೊರಗೆ ಕ್ಷಿಪಣಿ ಹಾರಿಸಿದವು ನಿರ್ಘಾತ್, ನಿಪಾತ್ ಮತ್ತು ವೀರ್ ಎಂಬ ಪುಟ್ಟ ಕ್ಷಿಪಣಿ ದೋಣಿಗಳು, ಅವುಗಳ ಜೊತೆಗಿದ್ದವು ಕಿಲ್ತಾನ್ ಮತ್ತು ಕಚ್ಚಲ್ ಎಂಬ ಯುದ್ಧನೌಕೆಗಳು. 8ರ ರಾತ್ರಿಯ ಎರಡನೆಯ ದಾಳಿಯಲ್ಲಿ ಇದ್ದವು ವಿನಾಶ್, ತಲವಾರ್ ಮತ್ತು ತ್ರಿಶೂಲ್. ಮೈಸೂರಿನಲ್ಲಿ ಅಂಥ ಕ್ಷಿಪಣಿಗಳೇ ಇರಲಿಲ್ಲ. ಆದರೆ ಆ ಯುದ್ಧದುದ್ದಕ್ಕೂ ಅದು ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು, ದಳದ ಅಧಿಪತಿ ರಿಯರ್ ಅಡ್ಮಿರಲ್ ಇ. ಸಿ. ಕುರುವಿಲ ಅವರು ಅದರಿಂದಲೇ ದಳವನ್ನು ನಡೆಸಿದರು. ಧ್ವಜನೌಕೆಯಲ್ಲಿದ್ದವರು ಊರಿಗೆ ಬಂದು ಯುದ್ಧದ ಕಥೆ ಹೇಳಿದಾಗ ದಳದ ಸಾಹಸವೆಲ್ಲ ಆ ಒಂದು ಹಡಗಿನ ಲೆಕ್ಕಕ್ಕೆ ಸೇರಿಕೊಂಡಿರುವುದು ಸಹಜ. ‘ಪಶ್ಚಿಮ ನೌಕಾದಳದ ಧ್ವಜನೌಕೆಯಲ್ಲಿ ಸೇವೆ ಸಲ್ಲಿಸಿದರು’ ಎಂದು ಬರೆದರೆ ಸತ್ಯಕ್ಕೂ ಧಕ್ಕೆಯಿಲ್ಲ, ಅವರ ಗೌರವಕ್ಕೂ ಕುಂದಿಲ್ಲ.

ಉತ್ತರ 3 – ನಿವೃತ್ತ ನೌಕಾ ಸೈನಿಕ, ಗುಬ್ಬಿ

ಅಣ್ಣನವರೇ, ನಾನು ಆ ಹಡಗನ್ನು ಕಂಡದ್ದು ಅದರ ಮುಪ್ಪಿನ ಕಾಲದಲ್ಲಿ, ಕೆಡೆಟ್‌ಗಳ ತರಬೇತಿಗೆ ಬಳಸುತ್ತಿದ್ದಾಗ. ಆ ಮೂರು ನಳಿಗೆಗಳ ಹಿತ್ತಾಳೆಯ ಮುಚ್ಚಳಗಳನ್ನು ಬೆಳಗ್ಗೆ ಎದ್ದು ಉಜ್ಜಿ ಹೊಳೆಸಬೇಕಿತ್ತು, ಉಪ್ಪುಗಾಳಿಗೆ ಮಧ್ಯಾಹ್ನದೊಳಗೆ ಮತ್ತೆ ಮಂಕಾಗುತ್ತಿದ್ದವು.

ಎಲ್ಲರೂ 1971ರ ಬಗ್ಗೆಯೇ ಮಾತನಾಡುತ್ತಾರೆ. ಆದರೆ ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು 1961ರ ಡಿಸೆಂಬರ್. ಗೋವಾ ವಿಮೋಚನೆಯ ವೇಳೆ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪ ಪೋರ್ಚುಗೀಸರ ವಶದಲ್ಲಿತ್ತು. ಅದನ್ನು ಬಿಡಿಸುವ ಕೆಲಸವನ್ನು ಮೈಸೂರು ಮತ್ತು ತ್ರಿಶೂಲ್ ಹಡಗುಗಳಿಗೆ ಒಪ್ಪಿಸಲಾಗಿತ್ತು. 18ರಂದು ದಡಕ್ಕಿಳಿದ ನಮ್ಮವರ ಮೇಲೆ ಒಳಗಿನಿಂದ ಗುಂಡಿನ ಮಳೆಯಾಯಿತು, ಏಳು ಮಂದಿ ಮಡಿದರು. ಹಡಗುಗಳು ಸಮುದ್ರದಿಂದ ಫಿರಂಗಿ ಹಾರಿಸಿದ ಮೇಲೆ ಎದುರಾಳಿಗಳು ಸೋತರು, 19ರ ಮಧ್ಯಾಹ್ನ ದ್ವೀಪ ಕೈವಶವಾಯಿತು. ಆ ಏಳು ಜನರ ಸ್ಮಾರಕ ದ್ವೀಪದಲ್ಲಿದೆ. ಇಂದು ಆ ದ್ವೀಪವಿರುವುದು ಐಎನ್‌ಎಸ್ ಕದಂಬ ನೌಕಾನೆಲೆಯ ಮಗ್ಗುಲಲ್ಲಿ. ನಮ್ಮ ರಾಜ್ಯದ ಹೆಸರಿನ ಹಡಗು ನಮ್ಮ ಕರಾವಳಿಯ ಕಣ್ಣೆದುರಿಗೇ ಹೋರಾಡಿದ ಸಂಗತಿ ಇದು. ನಮ್ಮ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡುತ್ತಿಲ್ಲವೆಂಬ ನೋವು ನನಗಿದೆ. ಪುಟದಲ್ಲಿ ಜಾಗವಿದ್ದರೆ ದಯವಿಟ್ಟು ಸೇರಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಎರಡು ನಳಿಗೆಗಳು ಸ್ಪಷ್ಟವಾಗಿವೆ, ಮೂರನೆಯದು ದೊಡ್ಡಪ್ಪನ ಹೆಗಲ ಹಿಂದಿದೆ, ಅದರ ತುದಿ ಮಾತ್ರ ಅವರ ಕಿವಿಯ ಪಕ್ಕ ಕಾಣುತ್ತದೆ. ಕರಾಚಿಯ ವಾಕ್ಯವನ್ನು ತೆಗೆದಿದ್ದೇನೆ, ಚಿಕ್ಕಪ್ಪನವರಿಗೂ ಓದಿ ಹೇಳಿದ್ದೇನೆ. ಅಂಜದೀವ್ ದ್ವೀಪಕ್ಕೆ ಒಂದು ಪ್ಯಾರಾ ಮೀಸಲಾಗಿದೆ. ಚಿತ್ರದ ಕೆಳಗೆ ‘ಐಎನ್‌ಎಸ್ ಮೈಸೂರು, ಕ್ರೂಸರ್, 1971’ ಎಂದೇ ಅಚ್ಚು ಹಾಕಿಸುತ್ತೇನೆ.